ಅಂಗೈಯ ಗುರುತು

ಮೈ ಒರೆಸಲೆಂದು ನರ್ಸ್ ಜರೀನಾ ಮುದುಕಿ ಶಿವವ್ವನ ಮುಷ್ಟಿ ಬಿಡಿಸಿದಳು. ಕೊರಳಲ್ಲಿದ್ದ ಲಿಂಗದ ಕರಡಿಗೆಯ ಅಂಚು ಅಂಗೈಯಲ್ಲಿ ನೀಲಿಗಟ್ಟಿ ಮೂಡಿತ್ತು.

ಅವಳ ಹೊಟ್ಟೆಯ ಆಪರೇಷನ್ ಆಗಿ ಮೂರು ದಿನವಾಗಿತ್ತು. ದಾಂಡೇಲಿಯ ಆ ದವಾಖಾನೆಯಲ್ಲಿ ಜರೀನಾ ದಿನವೂ ಮಂಚದಿಂದ ಮಂಚಕ್ಕೆ ನೋವಿದೆಯೇ ಎಂದು ಕೇಳುತ್ತ, ಇದ್ದವರಿಗೆ ನೋವಿನ ಸೂಜಿ ಕೊಡುತ್ತ ಬರುತ್ತಿದ್ದಳು. ಶಿವವ್ವ ಮಾತ್ರ ಕರಡಿಗೆ ಹಿಡಿದು, ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತಿರುತ್ತಿದ್ದಳು. ಪೂಜೆಗೆ ಅಡ್ಡಿಯಾಗಬಾರದೆಂದು ಜರೀನಾ ಸದ್ದಿಲ್ಲದೆ ದಾಟಿ, ಚೀಟಿಯಲ್ಲಿ ‘ನೋವಿಲ್ಲ’ ಎಂದು ಬರೆದಿದ್ದಳು.

“ಇಷ್ಟು ನೋವಿದ್ರ ನನ್ನ ಯಾಕ ಕರೀಲಿಲ್ಲ, ಯವ್ವಾ?”

“ಎಲ್ಲಾರನೂ ಕೇಳತಿದ್ದಿ, ತಂಗಿ. ನನ್ನ ಹಂತೇಕ ಬಂದಾಗಷ್ಟ ಸುಮ್ಮನ ಹೋಗತಿದ್ದಿ.” ತಪ್ಪು ತನ್ನದೇ ಎಂಬಂತೆ ಶಿವವ್ವ ನಕ್ಕಳು. “ನನ್ನ ನೋವಿಗೆ ಔಷಧ ಇಲ್ಲಂತ ತಿಳಕೊಂಡೆ.”