ಬಾಳಪ್ಪ ಮಾಸ್ತರರು ಬಿಟ್ಟ ಉತ್ತರ

ಬಯಾಲಜಿ ಪರೀಕ್ಷೆ ಮುಗಿಸಿ ಬಂದ ಅವಳಿ ಮಕ್ಕಳು ನಿಧಿ ಮತ್ತು ಆತ್ರೇಯ ಅಡುಗೆಮನೆಯ ಟೇಬಲ್ಲಿಗೆ ಕೂತು ಉತ್ತರ ತಾಳೆ ನೋಡುತ್ತಿದ್ದರು. ಹದಿನಾರನೇ ಪ್ರಶ್ನೆಯವರೆಗೂ ಸ್ನೇಹ ಉಳಿದಿತ್ತು. ಹದಿನೇಳಕ್ಕೆ ಜಗಳ ಹತ್ತಿತು. ಹುಟ್ಟುವ ಮಗು ಗಂಡೋ ಹೆಣ್ಣೋ ಎಂಬುದು ತಂದೆ ತಾಯಿಯರಲ್ಲಿ ಯಾರಿಂದ ನಿರ್ಧಾರವಾಗುತ್ತದೆ ಎಂಬುದು ಪ್ರಶ್ನೆ. ಆತ್ರೇಯ ‘ತಾಯಿ’ ಎಂದು ಬರೆದು ಬಂದಿದ್ದ.

“ಬೇಬಿ ಇರೋದು ಅಮ್ಮನ ಹೊಟ್ಟೇಲಿ. ಸೋ ಡಿಸಿಷನ್ನೂ ಅಮ್ಮಂದೇ. ನಮ್ಮನೇಲಿ ಎಲ್ಲಾ ಡಿಸಿಷನ್ನೂ ಅಮ್ಮಂದೇ,” ಎಂದ.

“ಈಡಿಯಟ್! ಅಮ್ಮನ ಹತ್ರ ಬರೀ ಎಕ್ಸ್ ಕ್ರೋಮೋಸೋಮ್ ಇರೋದು. ವೈ ಬರೋದು ಡ್ಯಾಡ್ ಕಡೆಯಿಂದ. ಬೇಕಾದ್ರೆ ಅಜ್ಜನ್ನ ಕೇಳು, ಹೀ ವಾಸ್ ಎ ಸೈನ್ಸ್ ಟೀಚರ್,” ಎಂದು ನಿಧಿ ಹಾಲಿನತ್ತ ಕೂಗಿದಳು.

ಬಾಳಪ್ಪ ಮಾಸ್ತರರು ಸೋಫಾದಿಂದ ಎದ್ದ ರಭಸಕ್ಕೆ ಟಿವಿ ರಿಮೋಟು ಕೆಳಗೆ ಬಿತ್ತು. ಹೆಂಡತಿಯೊಂದಿಗೆ ಗದಗದಿಂದ ಅಮೆರಿಕದ ಫ್ಲವರ್ ಮೌಂಡ್‌ಗೆ, ಕಿರಿಯ ಮಗಳ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. “ಗುಳಿಗಿ ತಗೊಂಡ್ರಿ?” ಎಂಬುದನ್ನು ಬಿಟ್ಟು ಅವರನ್ನು ಇಲ್ಲಿ ಯಾರೂ ಬೇರೆ ಪ್ರಶ್ನೆಯನ್ನೇ ಕೇಳಿರಲಿಲ್ಲ. ಅಂಗಡಿಯ ಜಾಹೀರಾತಿನ ಹಾಳೆಯೊಂದನ್ನು ಬೋರಲು ಹಾಕಿ, ಅದರ ಬೆನ್ನಿಗೆ ದೊಡ್ಡದಾಗಿ ಎಕ್ಸ್, ವೈ ಬರೆದರು.

“ತಮ್ಮಾ, ನಿನ್ನ ಉತ್ತರಕ್ಕ ಸೊನ್ನಿ. ಹೆಣ್ಣಿನ ಕಡೆ ಬರೇ ಎಕ್ಸ್. ಗಂಡಿನ ಕಡೆ ಎಕ್ಸೂ ಐತಿ, ವೈನೂ ಐತಿ. ಅಂವ ಎಕ್ಸ್ ಕೊಟ್ರ ಹೆಣ್ಣು, ವೈ ಕೊಟ್ರ ಗಂಡು. ತಾಯಿದು ಇದರಾಗ ಏನೂ ನಡಿಯೂದಿಲ್ಲ. ಮೂವತ್ತೊಂದು ವರ್ಷ ಇದನ್ನ ಹೇಳಿ ಹೇಳಿ ಗಂಟಲ ಹರಕೊಂಡೀನಿ.”

ಗಿರಮಿಟ್ಟಿಗೆ ಚುರುಮುರಿ ಕಲಸುತ್ತಿದ್ದ ಸುಮಿತ್ರವ್ವನ ಕೈ ನಿಂತಿತು.

“ಇನ್ನೊಮ್ಮೆ ಹೇಳ್ರಿ.”

“ತಾಯಿ ಕಡೆ ಬರೇ ಎಕ್ಸ್...” ಎಂದು ಉತ್ಸಾಹದಿಂದಲೇ ಶುರು ಮಾಡಿದ ಮಾಸ್ತರರು ಹೆಂಡತಿಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

“ಯಾವಾಗಿಂದ ಗೊತ್ತು ನಿಮಗ ಇದು?”

“ಬಿಎಸ್ಸಿ ಓದೂ ಮುಂದ...”

“ಅಂದ್ರ ನನ್ನ ಲಗ್ನಕ್ಕಿಂತ ಮೊದಲ.” ಸುಮಿತ್ರವ್ವ ಕೈ ತೊಳೆಯದೆಯೇ ಟೇಬಲ್ಲಿನ ಬಳಿ ಬಂದರು. “ನಾಕು ಹೆಣ್ಣು ಹಡದೆ ಅಂತ ನಿಮ್ಮವ್ವ ನನ್ನ ಕೈಲೆ ಅರಳಿ ಮರ ಸುತ್ತಿಸಿದ್ಲು. ಯಾವನೋ ಕೊಟ್ಟ ಬೇರು ಅರದು ಕುಡಿಸಿದ್ಲು, ಮೂರು ದಿನ ವಾಂತಿ ಮಾಡ್ಕೊಂಡು ಬಿದ್ದಿದ್ದೆ. ನನ್ನ ತಂಗೀನ್ನ ನಿಮಗ ತರೂ ಮಾತಾಡಿದ್ಲು. ಅವಾಗೆಲ್ಲಾ ನೀವು ಸಾಲ್ಯಾಗ ಬೋರ್ಡಿನ ಮ್ಯಾಲ ಇದನ್ನ ಬರೀತಿದ್ರಿ?”

“ಅದು ಹತ್ತನೇತ್ತಾ ಸಿಲಬಸ್ಸಿನ್ಯಾಗ ಇತ್ತು. ಮನ್ಯಾಗ ಯಾರೂ ಕೇಳಲಿಲ್ಲ,” ಎಂದರು ಮಾಸ್ತರರು. ಆಮೇಲೆ ದನಿ ತಗ್ಗಿಸಿ, “ಅವ್ವನ ಮುಂದ ಇದನ್ನೆಲ್ಲಾ ಹ್ಯಾಂಗ ಹೇಳೂದು?” ಎಂದರು.

“ಅಂದ್ರೆ...” ಆತ್ರೇಯನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. “ನಂಗೆ ಗೊತ್ತಿರ್ಲಿಲ್ಲ, ತಪ್ಪು ಬರ್ದೆ. ಅಜ್ಜಂಗೆ ಗೊತ್ತಿದ್ದೂ ಬ್ಲ್ಯಾಂಕ್ ಬಿಟ್ರಾ?”

ನಿಧಿ ಟೇಬಲ್ಲಿನ ಕೆಳಗೆ ಅವನ ಕಾಲು ತುಳಿದಳು.

“ನಿಮ್ಮವ್ವಗ ಸಾಕವ್ವ ಅಂತ ಯಾಕ ಹೆಸರಿಟ್ಟಾರ, ಗೊತ್ತೇನ?” ಸುಮಿತ್ರವ್ವ ಮೊಮ್ಮಗಳತ್ತ ತಿರುಗಿದರು.

“ಸಾಕೋಳು ಅಂತ. ಅಮ್ಮಾನೇ ಹೇಳಿದ್ಲು. ನರ್ಚರ್ ಮಾಡೋಳು.”

“ಇನ್ನ ಹೆಣ್ಣು ಸಾಕು ಅಂತ ಇಟ್ಟದ್ದು.”

ನಿಧಿ ಅಜ್ಜನನ್ನು ನೋಡಿದಳು. ಅಜ್ಜ ತಾವೇ ಬರೆದ ವೈ ಅಕ್ಷರವನ್ನು ಪೆನ್ನಿನಿಂದ ಮತ್ತೆ ಮತ್ತೆ ತಿದ್ದುತ್ತಿದ್ದರು. ಹಾಳೆ ಹರಿಯುವಂತಾಗಿತ್ತು.

“ಅದನ್ನೇನು ತಿದ್ದತೀರಿ? ಫೋನ್ ಹಚ್ಚರಿ ಹ್ಯೂಸ್ಟನ್ನಿಗೆ,” ಎಂದರು ಸುಮಿತ್ರವ್ವ. “ಹಿರೇಮಗಳಿಂದ ಶುರು ಮಾಡ್ರಿ. ನಾಕೂ ಮಂದಿಗೆ ನೀವ ಹೇಳಬೇಕು, ತಪ್ಪು ಅವ್ವಂದಲ್ಲ, ನಂದು ಅಂತ. ಸ್ಪೀಕರ್ ಮ್ಯಾಲ ಹಾಕ್ರಿ.”

ಮಾಸ್ತರರು ಫೋನು ಹಚ್ಚಿದರು. ಮೂವತ್ತೊಂದು ವರ್ಷ ಎಂಬತ್ತು ಹುಡುಗರ ಕ್ಲಾಸನ್ನು ಬೆತ್ತವಿಲ್ಲದೆ ಆಳಿದವರು ಈಗ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಎರಡು ಸಲ ಕೆಮ್ಮಿದರು.

“ಶಕುಂತಲಾ... ನೀವು ನಾಕೂ ಹೆಣ್ಣಾಗಿದ್ದು ನಿಮ್ಮವ್ವನಿಂದಲ್ಲ. ನನ್ನಿಂದ. ಈ ಎಕ್ಸು, ವೈ ಅಂತ ಇರತಾವಲ್ಲ...”

ಅತ್ತಲಿಂದ ನಗು ಕೇಳಿಸಿತು. “ಇದೇನಪ್ಪಾ ಈಗ? ಹತ್ತನೇತ್ತಾದಾಗ ನೀವ ನಮಗ ಕಲಿಸಿದ್ದಲ್ಲಾ? ಬೋರ್ಡ್ ಎಕ್ಸಾಮಿನ್ಯಾಗ ಬಂದಿತ್ತು. ನನಗ ಪೂರ್ತಿ ಮಾರ್ಕ್ಸ್. ನಾಕೂ ಮಂದಿಗೂ ಗೊತ್ತೈತಿ.”

ಮಾಸ್ತರರು ಹೆಂಡತಿಯತ್ತ ನೋಡಿದರು. “ಅಪ್ಪಾ? ಹಲೋ? ಅವ್ವ ಅಲ್ಲೇ ಅದಾಳೇನು?” ಎಂದು ಫೋನು ಕೇಳಿತು. ಈ ಸಲ ನಗು ಇರಲಿಲ್ಲ.

ಸುಮಿತ್ರವ್ವ ಕೈಚಾಚಿ ಫೋನ್ ಕಟ್ ಮಾಡಿದರು. ಕುರ್ಚಿಯೊಂದನ್ನು ಎಳೆದು ಇಬ್ಬರು ಮಕ್ಕಳ ನಡುವೆ ಕೂತರು. ಮಾಸ್ತರರ ಕೈಯಿಂದ ಪೆನ್ನು ಕಿತ್ತು ನಿಧಿಯ ಮುಂದಿಟ್ಟರು.

“ಮುಂದಿನ ಪ್ರಶ್ನೆ ಏನಿತ್ತು, ಹೇಳವಾ. ನನಗೊಬ್ಬಾಕಿಗೆ ಬಿಟ್ಟು ಎಲ್ಲಾರಿಗೂ ಇನ್ನೂ ಏನೇನು ಗೊತ್ತೈತಿ, ನೋಡೇ ಬಿಡೂಣು.”