ಸಿಸ್ಟರಕ್ಕನ ಬದಲಿ

"ಮುಚ್ಚಬಹುದು ಅಂತ ಬರಿ ಕಣೇ. ಒಂದು ಸಾಲು, ಅಷ್ಟೇ," ಎಂದಳು ಅಕ್ಕ, ಈರುಳ್ಳಿ ಹೆಚ್ಚುತ್ತಾ.

ತಂಗಿ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. ಸಾರ್ವಜನಿಕ ಆಡಳಿತ ಮತ್ತು ಆರೋಗ್ಯ ಸೇವೆಗಳ ನಿರ್ವಹಣೆ ಓದುತ್ತಿದ್ದ ಅವಳು ಕೊನೆಯ ವರ್ಷದ ಅಧ್ಯಯನಕ್ಕೆಂದು ಈ ದ್ವೀಪಕ್ಕೆ ಬಂದು ಅಕ್ಕನ ಕ್ವಾರ್ಟರ್ಸಿನಲ್ಲೇ ಉಳಿದಿದ್ದಳು. ಇಷ್ಟು ಕಡಿಮೆ ಜನರಿರುವ ದ್ವೀಪದಲ್ಲಿ ಆರೋಗ್ಯ ಕೇಂದ್ರ ಇರಬೇಕೆ, ಅಥವಾ ಅದನ್ನು ಮುಚ್ಚಿ ಆಚೆ ದಡದ ಆಸ್ಪತ್ರೆಗೆ ಸೇರಿಸಬೇಕೆ ಎಂಬುದು ಅವಳ ವಿಷಯ. ಇಲಾಖೆಯೇ ಕೇಳಿಕೊಂಡ ಅಧ್ಯಯನವಾದ್ದರಿಂದ ಅವಳು ಬರೆದದ್ದು ಕಾಲೇಜಿನ ಕಪಾಟು ಸೇರುವುದಿಲ್ಲ, ನೇರವಾಗಿ ಸಾಹೇಬರ ಮೇಜಿಗೆ ಹೋಗುತ್ತದೆ. ಆ ಕೇಂದ್ರಕ್ಕಿದ್ದ ಒಬ್ಬಳೇ ನರ್ಸ್ ಅಕ್ಕ.

ಅಕ್ಕನ ಗಂಡ, ಮಗಳು ಇಬ್ಬರೂ ಆಚೆ ದಡದಲ್ಲಿ. ವರ್ಗಾವಣೆ ಕೇಳಿದಾಗಲೆಲ್ಲ ಒಂದೇ ಉತ್ತರ: ಬದಲಿ ಬಂದ ಮೇಲೆ ಬಿಡುತ್ತೇವೆ. ಬದಲಿಯಾಗಿ ಹೆಸರು ಬಂದವರೆಲ್ಲ ಯಾರ್ಯಾರದೋ ಕೈಕಾಲು ಹಿಡಿದು ತಪ್ಪಿಸಿಕೊಳ್ಳುತ್ತಿದ್ದರು. ಕೇಂದ್ರವೇ ಮುಚ್ಚಿಹೋದರೆ ಬದಲಿಯ ರಗಳೆಯೇ ಇರುವುದಿಲ್ಲ.

"ಮಗಳು ದೊಡ್ಡವಳಾಗಿದ್ದು ನಂಗೆ ಫೋನಲ್ಲಿ ಗೊತ್ತಾಯ್ತು," ಎಂದಳು ಅಕ್ಕ. "ಅವಳಪ್ಪ ಏನ್ಮಾಡೋದು ತಿಳೀದೆ ಪಕ್ಕದ ಮನೆಯವ್ರನ್ನ ಕರ್ಕೊಂಡು ಬಂದ್ರಂತೆ. ನಾನು ಆವತ್ತು ಇಲ್ಲಿನ ಶಾಲೇಲಿ ಹುಡುಗೀರಿಗೆಲ್ಲ ಅದೇ ವಿಷಯ ಪಾಠ ಮಾಡ್ತಾ ಇದ್ದೆ."

ತಂಗಿಯ ಬೆರಳುಗಳು ನಿಂತವು. "ಮನೆಮನೆಗೂ ಹೋಗಿ ಬಂದಿದೀನಿ ಅಕ್ಕ. ಗಾಳಿ ಎದ್ರೆ ಇಲ್ಲಿಂದ ದೋಣಿನೇ ಬಿಡಲ್ಲ. ಮುಚ್ಚಬಹುದು ಅಂತ ಹೇಗೆ ಬರೀಲಿ?"

"ಕೈಯಲ್ಲಿ ಬರಿ."

ಅಷ್ಟರಲ್ಲಿ ಹೊರಗಿನಿಂದ "ಸಿಸ್ಟರಕ್ಕಾ!" ಎಂಬ ಕೂಗು. ಜಗುಲಿಯ ಮೇಲೆ ಮೀನುಗಾರನೊಬ್ಬ ಬಲಗೈಯನ್ನು ಎಡಗೈಯಲ್ಲಿ ಹಿಡಿದು ನಿಂತಿದ್ದ. ಅಂಗೈಗೆ ದೊಡ್ಡ ಗಾಳವೊಂದು ಇಳಿದಿತ್ತು. ಅಕ್ಕ ಕೈ ತೊಳೆದು ಪೆಟ್ಟಿಗೆ ತಂದಳು. ಮರಗಟ್ಟಿಸುವ ಸೂಜಿ ಚುಚ್ಚಿ, ಗಾಳದ ಮೊನೆಯನ್ನು ಆಚೆ ಹಾಯಿಸಿ, ಅದರ ಮುಳ್ಳನ್ನು ಕತ್ತರಿಸಿ, ಉಳಿದದ್ದನ್ನು ಬಂದ ದಾರಿಯಲ್ಲೇ ಈಚೆ ಎಳೆದಳು.

"ಮೀನಿಗೆ ಹಾಕೋ ಅಂದ್ರೆ ನೀನೇ ಕಚ್ಕೊಂಡಿದೀಯಲ್ಲೋ, ಅಷ್ಟೊಂದು ಹಸಿವಾ?"

ಅವನು ನೋವಿನಲ್ಲೂ ನಕ್ಕ. "ಧನುರ್ವಾಯು ಇಂಜೆಕ್ಷನ್ ಬೇಡ್ವಾ ಸಿಸ್ಟರಕ್ಕ?"

"ಹೋದ ವರ್ಷ ಕಾಲಿಗೆ ಮೊಳೆ ಹೊಡ್ಕೊಂಡು ಬಂದಾಗ ಕೊಟ್ಟಿದೀನಲ್ಲ. ನಿಂಗೆ ನೆನಪಿಲ್ದಿದ್ರೂ ನಂಗಿದೆ."

ಕಟ್ಟು ಹಾಕಿಸಿಕೊಂಡು ಎದ್ದವನು ಬಾಗಿಲಲ್ಲಿದ್ದ ತಂಗಿಯ ಕಡೆ ತಿರುಗಿದ. "ಮುಚ್ಚೋದಾ ಬಿಡೋದಾ ಅಂತ ನೋಡೋಕೆ ಬಂದಿದೀರಂತೆ. ನೀವು ಏನಾದ್ರೂ ಬರ್ಕೊಳ್ಳಿ, ನಮಗೇನೂ ಹೆದರಿಕೆ ಇಲ್ಲ. ಸಿಸ್ಟರಕ್ಕ ನಮ್ಮನ್ನ ಬಿಟ್ಟು ಎಲ್ಲೂ ಹೋಗಲ್ಲ."

ಅಕ್ಕ ಎದ್ದು ನಲ್ಲಿ ತಿರುಗಿಸಿದಳು. ಅವನು ಹೋದ ಮೇಲೂ ನಲ್ಲಿಯ ಕೆಳಗೆ ಕೈ ತೊಳೆಯುತ್ತಲೇ ಇದ್ದಳು. ಈರುಳ್ಳಿ ಹೆಚ್ಚುವಾಗ ಬಾರದಿದ್ದ ನೀರು ಈಗ ಕಣ್ಣಲ್ಲಿ ಬಂದಿತ್ತು.

ಎರಡು ದಿನ ಬಿಟ್ಟು ತಂಗಿ ತಾನು ಬರೆದದ್ದನ್ನು ಅಕ್ಕನಿಗೆ ಓದಿ ಹೇಳಿದಳು. ಕೇಂದ್ರ ಮುಚ್ಚಕೂಡದು. ಸರದಿಯ ಮೇಲೆ ಕೆಲಸ ಮಾಡಲು ಇಬ್ಬರು ನರ್ಸ್‌ಗಳಿರಬೇಕು. ಇಲ್ಲಿ ಎರಡು ವರ್ಷ ದುಡಿದವರಿಗೆ ಮುಂದೆ ಅವರು ಕೇಳಿದ ಊರನ್ನೇ ಕೊಡಬೇಕು. ಈಗ ಇರುವವರನ್ನು ಮೊದಲು ಬಿಡಬೇಕು.

"ಇಬ್ಬರಾ? ಒಬ್ಬರಿಗೇ ಗತಿ ಇಲ್ಲ ಇಲ್ಲಿ," ಅಕ್ಕ ಕಹಿಯಾಗಿ ನಕ್ಕಳು. "ಮುಚ್ಚು ಅಂದಿದ್ರೆ ಮುಂದಿನ ತಿಂಗಳೇ ಮನೇಲಿರ್ತಿದ್ದೆ."

"ಒಬ್ಬಳ ಮೇಲೇ ನಿಂತಿರೋದನ್ನ ವ್ಯವಸ್ಥೆ ಅನ್ನೋಕಾಗಲ್ಲ ಅಕ್ಕ."

"ಗೊತ್ತು. ಅದಕ್ಕೇ ತಾನೆ ಎಲ್ಲರೂ ಅಕ್ಕ ಅನ್ನೋದು."

ತಂಗಿ ಹೊರಟ ದಿನ ಅಕ್ಕ ದಡದವರೆಗೆ ಬರಲಿಲ್ಲ. ಆಮೇಲೆ ಫೋನಿನಲ್ಲೂ ಊಟ ಆಯ್ತಾ, ನಿದ್ದೆ ಬಂತಾ ಎನ್ನುವಷ್ಟೇ ಮಾತು. ಅಕ್ಕನನ್ನು ಕಟ್ಟಿಹಾಕಿದವಳು ತಾನೇ ಎಂಬ ಕೊರಗು ತಂಗಿಯನ್ನು ಬಿಡಲಿಲ್ಲ. ಪಾಸಾದಾಗಲೂ ಆ ಸುದ್ದಿಯನ್ನು ಭಾವನ ಮೂಲಕ ಮುಟ್ಟಿಸಿದಳು.

ಇಲಾಖೆ ಗೊಣಗಿತು, ಕೊಕ್ಕೆ ಹಾಕಿತು, ಎಳೆದಾಡಿತು. ಕೊನೆಗೂ ಮರುವರ್ಷ ಇಬ್ಬರ ಹೆಸರು ಹೊರಬಿತ್ತು. ಕೇಳಿದ ಊರು ಸಿಗುವ ಆಸೆಗೋ ಏನೋ, ಈ ಸಲ ಯಾರೂ ತಪ್ಪಿಸಿಕೊಳ್ಳಲಿಲ್ಲ. ಅವರು ಬಂದ ದೋಣಿಯಲ್ಲೇ ತಂಗಿಯೂ ಅಕ್ಕನನ್ನು ಕರೆದೊಯ್ಯಲು ಬಂದಳು.

ದಡದಲ್ಲಿ ಇಡೀ ಊರೇ ನೆರೆದಿತ್ತು. ಹೆಂಗಸರು ಅಕ್ಕನನ್ನು ತಬ್ಬಿಕೊಂಡು ಅತ್ತರು. ಗಂಡಸರು ಅವಳ ಸೂಟ್‌ಕೇಸಿಗಾಗಿ ಕಿತ್ತಾಡಿದರು. ಅಕ್ಕ ಎಲ್ಲರನ್ನೂ ಗದರಿಸುತ್ತಾ, ಮಾತ್ರೆ ತಪ್ಪಿಸಬೇಡಿ ಎನ್ನುತ್ತಾ ದೋಣಿ ಹತ್ತಿ ತಂಗಿಯ ಪಕ್ಕ ಕುಳಿತಳು. "ಬೈದ್ಕೊಂಡಿದ್ದೆ ಕಣೇ ನಿನ್ನ," ಎಂದು ಅವಳ ಕೈ ಹಿಡಿದುಕೊಂಡಳು. ತಂಗಿ ಆ ಕೈಯನ್ನು ಬಿಗಿಯಾಗಿ ಅದುಮಿದಳು.

ಅಷ್ಟರಲ್ಲಿ ಮುದುಕಿಯೊಬ್ಬಳು ಹೊಸ ನರ್ಸ್‌ಗಳ ಮುಂದೆ ಸೀರೆ ಎತ್ತಿ ಊದಿದ ಮಂಡಿ ತೋರಿಸಿದಳು. ಅವರಲ್ಲಿ ಚಿಕ್ಕವಳು ಬ್ಯಾಗನ್ನು ಮರಳಿನ ಮೇಲಿಟ್ಟು, ಅಲ್ಲೇ ಕುಕ್ಕರುಗಾಲಲ್ಲಿ ಕೂತು ಮಂಡಿ ಒತ್ತಿ ನೋಡತೊಡಗಿದಳು. "ನಂದೂ ಸ್ವಲ್ಪ ನೋಡಮ್ಮಾ," ಎಂದಿತು ಇನ್ನೊಂದು ದನಿ. ಮಗು ಎತ್ತಿಕೊಂಡವರು, ಕೆಮ್ಮುವವರು, ಸುಮ್ಮನೆ ನೋಡುವವರು ಎಲ್ಲರೂ ಅತ್ತ ಮುಗಿಬಿದ್ದರು.

ಎಂಜಿನ್ ಸದ್ದು ಮಾಡಿತು. ಅಕ್ಕ ಎದ್ದು ನಿಂತು, ಬೀಸಲೆಂದು ಕೈ ಎತ್ತಿದಳು. ದಡದ ತುಂಬ ಬರೀ ಬೆನ್ನುಗಳು. ಎತ್ತಿದ ಕೈ ಒಂದು ಗಳಿಗೆ ಗಾಳಿಯಲ್ಲೇ ನಿಂತಿತು. ಆಮೇಲೆ ಅದೇ ಕೈಯಿಂದ ಅವಳು ಕೂದಲು ಸರಿಮಾಡಿಕೊಂಡಳು.