ಹದಿನಾಲ್ಕು ನಿಯಮ, ಒಂದು ಗಾಡಿ

"ಇದರ ಮುಂದಿನ ಭಾಗ ಎರಡನೇ ತಂಡದವರು ತೋರಿಸ್ತಾರೆ" ಎಂದು ಹೇಳಿ ಮೊದಲನೇ ತಂಡದ ಆಶಿತಾ ತನ್ನ ಕುರ್ಚಿಗೆ ಹೋಗಿ ಕೂತಾಗ ಇದನ್ನೆಲ್ಲ ಏರ್ಪಡಿಸಿದ್ದ ನೀರಜಾ ಕುರ್ಚಿಯಿಂದ ಅರ್ಧ ಎದ್ದಳು. ಹ್ಯಾಕಥಾನ್ ಎಂದರೆ ಸ್ಪರ್ಧೆ. ಪ್ರತಿ ತಂಡವೂ ಎರಡು ದಿನದಲ್ಲಿ ತನ್ನದೇ ಆದ ಹೊಸ ಆ್ಯಪ್ ಕಟ್ಟಿ ತೋರಿಸಬೇಕು. ಎದುರಾಳಿಯ ಕಡೆ ಕೈತೋರಿಸಿ ಕೂತುಬಿಡುವ ಪದ್ಧತಿ ಯಾವ ಊರಿನಲ್ಲೂ ಇಲ್ಲ.

ಆಶಿತಾಳ ಆ್ಯಪ್ ಲಾರಿಯ ನಂಬರ್ ಕೇಳಿ ತೆಗೆದುಕೊಂಡು ಸುಮ್ಮನಾಗಿತ್ತು. ಎರಡನೇ ತಂಡದ ಅಭಿ ಎದ್ದು ತನ್ನದನ್ನು ತೋರಿಸಿದ. ಆ ಲಾರಿಯ ಕಾಗದಪತ್ರ ಬಂದರಿನಲ್ಲಿ ಎಲ್ಲಿಯವರೆಗೆ ಬಂದಿದೆ ಎಂದು ಹುಡುಕಿ ಅದೂ ನಿಂತಿತು. "ಉಳಿದದ್ದು ಜುವೈರಿಯಾ" ಎಂದ. ಮೂರನೇ ತಂಡದ ಜುವೈರಿಯಾಳ ಆ್ಯಪ್ ಬರೆದದ್ದನ್ನು ಉರ್ದು, ಮಲಯಾಳಂನಲ್ಲಿ ಓದಿ ಹೇಳುತ್ತಿತ್ತು, ಅಷ್ಟೇ. ಕೊನೆಗೆ ಬಂದ ನಾಲ್ಕನೇ ತಂಡದ ಡೆಸ್ಮಂಡ್‌ನ ಆ್ಯಪ್ ಬರೀ ಫೋನ್ ಮಾಡುತ್ತಿತ್ತು. ಏನು ಮಾತಾಡಬೇಕೆಂದು ಅದಕ್ಕೆ ಗೊತ್ತಿರಲಿಲ್ಲ.

ನೀರಜಾ ಮೂರು ತಿಂಗಳು ಬೆನ್ನುಬಿದ್ದು ಈ ಹ್ಯಾಕಥಾನ್‌ಗೆ ಒಪ್ಪಿಗೆ ಪಡೆದಿದ್ದಳು. ಬಂದರಿನ ಕಾಗದಪತ್ರಗಳಿಗೆ ಸಾಫ್ಟ್‌ವೇರ್ ಮಾಡುವ ಆ ಕಂಪನಿಯ ಮ್ಯಾನೇಜರ್ ರಾಜಗೋಪಾಲ ಅರೆಮನಸ್ಸಿನಿಂದಲೇ ಹೂಂ ಅಂದಿದ್ದರು. "ಹನ್ನೆರಡು ಡೆವಲಪರ್, ಹನ್ನೆರಡು ಹೆಡ್‌ಫೋನ್. ಒಬ್ಬರ ಮುಖ ಒಬ್ಬರು ನೋಡಲ್ಲ. ಇವರಿಂದ ಗಿರಾಕಿಗಳಿಗೆ ಉಪಯೋಗ ಆಗೋ ಒಂದೇ ಒಂದು ವಸ್ತು ಹೊರಡಿಸಿ, ಪ್ರತಿ ವರ್ಷ ಮಾಡೋಣ. ಇಲ್ಲಾಂದ್ರೆ ಇದೇ ಮೊದಲು, ಇದೇ ಕೊನೆ." ಅವಳೂ ಹೆಡ್‌ಫೋನ್ ಏರಿಸಿಕೊಂಡು ಒಬ್ಬಳೇ ಕೂತು ಹದಿನಾಲ್ಕು ನಿಯಮ ಬರೆದಿದ್ದಳು. ಡೆವಲಪರ್‌ಗಳಿಗೆ ಮಾತ್ರ ಪ್ರವೇಶ ಎಂಬುದು ಒಂದನೆಯದು. ಕಚೇರಿಯೊಳಗೆ ಬೇರೆ ತಂಡದವರ ಜೊತೆ ವಿಷಯ ಮಾತಾಡಕೂಡದು ಎಂಬುದು ಏಳನೆಯದು. ಸಾಲದ್ದಕ್ಕೆ ಅಕ್ಕಪಕ್ಕ ಕೂರುವವರನ್ನೆಲ್ಲ ಹುಡುಕಿ ಬೇರೆ ಬೇರೆ ತಂಡಕ್ಕೆ ಹಾಕಿದ್ದಳು.

"ಏಳನೇ ನಿಯಮ ಓದಿ ಸಹಿ ಹಾಕಿದ್ರಲ್ಲ?" ನೀರಜಾ ನಿಯಮಗಳ ಹಾಳೆ ಎತ್ತಿ ಹಿಡಿದಳು.

"ಓದಿದ್ದೀವಿ ಮೇಡಂ," ಅಭಿ ತಲೆ ಕೆರೆದುಕೊಂಡ. "ಕಚೇರಿಯೊಳಗೆ ಒಂದಕ್ಷರ ಮಾತಾಡಿಲ್ಲ. ಎಲ್ಲಾ ಝಕರಿಯಾ ಭಾಯ್ ಗಾಡಿಯಲ್ಲೇ."

ಎಲ್ಲರ ಕಣ್ಣೂ ಬಾಗಿಲ ಕಡೆ ತಿರುಗಿದವು. ಹೆಲ್ಪ್‌ಡೆಸ್ಕಿನ ಝಕರಿಯಾ ಅಲ್ಲಿ ಚೌಕಟ್ಟಿಗೆ ಒರಗಿ ನಿಂತಿದ್ದರು. ಡೆವಲಪರ್ ಅಲ್ಲದ ಕಾರಣ ಅವರಿಗೆ ಒಳಗೆ ಕುರ್ಚಿ ಇರಲಿಲ್ಲ. ಈ ಕೊಲ್ಲಿ ನಗರದ ವಾದಿ ಕಬೀರ್ ಬಡಾವಣೆಯಿಂದ ಅಲ್ ಖುವೈರ್‌ನ ಕಚೇರಿಗೆ ಈ ನಾಲ್ವರೂ ದಿನಾ ಬರುವುದು ಅವರ ಏಳು ಸೀಟಿನ ಹಳೇ ಗಾಡಿಯಲ್ಲಿ. ನೀರಜಾಳ ಮನೆಯೂ ಅದೇ ಬೀದಿಯಲ್ಲಿತ್ತು, ಆದರೆ ಅವಳು ತನ್ನ ಕಾರಿನಲ್ಲಿ ಒಬ್ಬಳೇ ಬರುತ್ತಿದ್ದಳು. ಅವಳು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರಿದ್ದರು.

"ನನ್ನದೇ ತಪ್ಪು ಮೇಡಂ," ಝಕರಿಯಾ ಉಳ್ಳಾಲದ ಧಾಟಿಯಲ್ಲಿ ಶುರುಮಾಡಿದರು. "ಬೆಳಿಗ್ಗೆ ಆದ್ರೆ ಸಾಕು, ಲಾರಿ ಡ್ರೈವರ್‌ಗಳ ಫೋನು. ನನ್ನ ಪೇಪರ್ ಆಯ್ತಾ, ನನ್ನ ಪೇಪರ್ ಆಯ್ತಾ ಅಂತ. ಗಾಡಿ ಓಡಿಸುವಾಗ ಸ್ಪೀಕರಲ್ಲಿ ಹಾಕುದು, ಮತ್ತೆಂತ ಮಾಡುದು? ಈ ಮಕ್ಕಳು ಒಂದು ವರ್ಷದಿಂದ ಅದನ್ನೇ ಕೇಳಿ ಕೇಳಿ ಸುಸ್ತಾಗಿದ್ದಾರೆ. ನಿನ್ನೆ ಸಂಜೆ ನೋಡಿದ್ರೆ ನಾಲ್ಕು ತಂಡಕ್ಕೂ ಒಂದೇ ಐಡಿಯಾ, ಪೇಪರ್ ಆದ ಕೂಡ್ಲೇ ಡ್ರೈವರ್‌ಗೆ ತಾನಾಗಿ ಫೋನ್ ಹೋಗ್ಬೇಕು ಅಂತ!"

"ನಾಲ್ಕು ಜನ ಒಂದೇ ಕೆಲಸ ಯಾಕೆ ಮಾಡ್ಬೇಕು ಅಂತ ಹಂಚಿಕೊಂಡ್ವಿ," ಆಶಿತಾ ಮೆಲ್ಲಗೆ ಸೇರಿಸಿದಳು. "ಎರಡು ದಿನದಲ್ಲಿ ಪೂರ್ತಿ ಯಾರಿಗೂ ಆಗ್ತಿರ್ಲಿಲ್ಲ ಮೇಡಂ."

ನೀರಜಾಳಿಗೆ ಅಳು ಬರುವಂತಾಯಿತು. ಗೆಲ್ಲಬೇಕಾದ ತಂಡವೇ ಇಲ್ಲದ ಹ್ಯಾಕಥಾನ್! ರಾಜಗೋಪಾಲರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ನಾಲ್ಕನ್ನೂ ಜೋಡಿಸಿ. ನೋಡೋಣ" ಎಂದರು.

ಹನ್ನೆರಡು ಜನವೂ ಒಂದೇ ಮೇಜಿನ ಸುತ್ತ ಮುಗಿಬಿದ್ದರು. ಅಷ್ಟು ಗಲಾಟೆಯನ್ನು ಆ ಕಚೇರಿ ಹಿಂದೆಂದೂ ಕೇಳಿರಲಿಲ್ಲ. ಒಬ್ಬರ ಕೀಬೋರ್ಡಿಗೆ ಇನ್ನೊಬ್ಬರು ಕೈಹಾಕುವರು, ಬೈಯುವರು, ನಗುವರು. "ಯಲ್ಲಾ, ಯಲ್ಲಾ" ಎಂದು ಅರಬ್ಬಿಯಲ್ಲಿ ಅವಸರಿಸುತ್ತ ಝಕರಿಯಾ ಬಾಗಿಲಿನಿಂದಲೇ ಹುರಿದುಂಬಿಸುವರು. ಮುಕ್ಕಾಲು ಗಂಟೆಯ ಮೇಲೆ ಡೆಸ್ಮಂಡ್ ಒಂದು ಲಾರಿಯ ನಂಬರ್ ಒತ್ತಿ, ಡ್ರೈವರ್ ಫೋನಿನ ಜಾಗದಲ್ಲಿ ಝಕರಿಯಾರ ನಂಬರ್ ಹಾಕಿದ. ಬಾಗಿಲಲ್ಲಿ ಫೋನ್ ರಿಂಗಾಯಿತು. ಝಕರಿಯಾ ಅಭ್ಯಾಸಬಲದಿಂದ ಸ್ಪೀಕರ್ ಒತ್ತಿದರು. "ಭಾಯ್, ಆಪ್ ಕಾ ಪೇಪರ್ ತಯ್ಯಾರ್ ಹೈ. ಗೇಟ್ ನಂಬರ್ ದೋ ಪೇ ಆಯಿಯೇ" ಎಂದಿತು ಆ್ಯಪ್‌ನ ಹೆಣ್ಣು ದನಿ, ಪೇಪರ್ ಆಗಿದೆ, ಎರಡನೇ ಗೇಟಿಗೆ ಬನ್ನಿ ಎಂದು ಉರ್ದುವಿನಲ್ಲಿ.

"ಯಾ ಅಲ್ಲಾ," ಅವರು ಫೋನನ್ನೇ ನೋಡುತ್ತ ನಿಂತರು. "ಇನ್ನು ನಾನು ಗಾಡಿಯಲ್ಲಿ ಸಿನಿಮಾ ಪದ್ಯ ಹಾಕ್ಬಹುದು."

ರಾಜಗೋಪಾಲರು ನಕ್ಕು ನಕ್ಕು, ಗೆದ್ದ ತಂಡಕ್ಕೆಂದು ಮೇಜಿನ ಮೇಲಿಟ್ಟಿದ್ದ ಬಹುಮಾನದ ಕಪ್ಪನ್ನು ಎತ್ತಿಕೊಂಡು ಬಾಗಿಲವರೆಗೆ ನಡೆದು, ಸ್ಪರ್ಧಿಗಳ ಪಟ್ಟಿಯಲ್ಲೇ ಇಲ್ಲದ ಆ ಮನುಷ್ಯನ ಕೈಗೆ ಕೊಟ್ಟರು. "ನೀರಜಾ, ಮುಂದಿನ ವರ್ಷದ ತಾರೀಕು ಈಗಲೇ ಹಾಕಿಬಿಡಿ. ಆ ಹದಿನಾಲ್ಕು ನಿಯಮ ಮಾತ್ರ ಬೇಡ."

ನೀರಜಾಳಿಗೆ ಹಿಡಿಸಲಾರದಷ್ಟು ಖುಷಿಯಾಯಿತು, ಜೊತೆಗೆ ಸಣ್ಣದೊಂದು ಹೊಟ್ಟೆಕಿಚ್ಚೂ. ಎಲ್ಲರೂ ಹೊರಟಾಗ ಅವಳು ಲಿಫ್ಟಿನ ಹತ್ತಿರ ಝಕರಿಯಾರನ್ನು ತಡೆದಳು.

"ಭಾಯ್, ನಿಮ್ಮ ಗಾಡೀಲಿ ಒಂದು ಸೀಟು ಖಾಲಿ ಇದೆಯಾ?"

"ಎರಡುಂಟು ಮೇಡಂ. ಬೆಳಿಗ್ಗೆ ಆರೂಕಾಲಕ್ಕೆ ನಿಮ್ಮ ಮನೆ ಗೇಟಿನ ಹತ್ರ ನಿಲ್ಲಿ." ಝಕರಿಯಾ ಕಪ್ಪನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಅವಳ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಹೆಡ್‌ಫೋನ್ ಕಡೆ ಬೆರಳು ತೋರಿಸಿದರು. "ನಮ್ಮಲ್ಲಿ ನಿಯಮ ಒಂದೇ. ಅದನ್ನು ಮನೆಯಲ್ಲಿ ಬಿಟ್ಟು ಬರ್ಬೇಕು."